ಮೀಸೋಥೀಲಿಯೋಮಾ: 40 ವರ್ಷ ತಡವಾಗಿ ಬರೋ ಕಾಯಿಲೆ

ಆಸ್‌ಬೆಸ್ಟಾಸ್‌ಗೆ ಕನ್ನಡದಲ್ಲಿ ಕಲ್ನಾರು ಅಂತಾರೆ. ಕಲ್ಲಿನ ನಾರು. ಇಂಗ್ಲಿಷ್ ಹೆಸರಿಗಿಂತ ಇದೇ ಚೆನ್ನಾಗಿದೆ ಅಂತ ನನಗನ್ಸುತ್ತೆ, ಯಾಕಂದ್ರೆ ಕಾಯಿಲೆಗೆ ಕಾರಣ ಆಗೋದೂ ಅದೇ ಎರಡು ಗುಣ. ಕಲ್ಲಿನ ಹಾಗೆ ಸುಲಭಕ್ಕೆ ಕರಗಲ್ಲ, ನಾರಿನ ಹಾಗೆ ಸೀಳ್ತಾ ಹೋಗುತ್ತೆ. ನಾವು ಮಾತ್ರ ಇದನ್ನ ಬೆಂಕಿ ತಡೆಯುತ್ತೆ, ಅಗ್ಗ, ಬ್ರೇಕ್ ಲೈನಿಂಗ್, ಗ್ಯಾಸ್ಕೆಟ್, ಛಾವಣಿ ಶೀಟಿಗೆಲ್ಲ ಬಳಸ್ತಾರೆ ಅಂತ ಓದಿ ಪುಟ ತಿರುಗಿಸ್ತೀವಿ.

ಗಾಳಿಯಲ್ಲಿ ಕಲ್ನಾರು ಎಣಿಸುವಾಗ 5 ಮೈಕ್ರೋಮೀಟರ್‌ಗಿಂತ ಉದ್ದ, 3 ಮೈಕ್ರೋಮೀಟರ್‌ಗಿಂತ ತೆಳುವಾದ ಎಳೆಗಳನ್ನ ಲೆಕ್ಕಕ್ಕೆ ತಗೋತಾರೆ. ಕಣ್ಣಿಗೆ ಕಾಣಲ್ಲ. ಉಸಿರಿನ ಜೊತೆ ಒಳಗೆ ಹೋದ ಉದ್ದದ ಎಳೆಯನ್ನ ನಮ್ಮ ಬಿಳಿ ರಕ್ತಕಣ ನುಂಗೋಕೆ ನೋಡುತ್ತೆ, ಆದ್ರೆ ಎಳೆ ಕಣಕ್ಕಿಂತ ಉದ್ದ. ಅರ್ಧ ನುಂಗಿ ಒದ್ದಾಡುತ್ತೆ. ಆ ಉರಿಯೂತ ವರ್ಷಗಟ್ಟಲೆ ನಡೀತಾನೇ ಇರುತ್ತೆ. ಕೆಲವು ಎಳೆಗಳು ಶ್ವಾಸಕೋಶದ ಹೊರಪೊರೆ ಪ್ಲೂರಾವರೆಗೂ ತಲುಪುತ್ವೆ. ಅಲ್ಲಿ ಹುಟ್ಟೋ ಕ್ಯಾನ್ಸರ್ರೇ ಮೀಸೋಥೀಲಿಯೋಮಾ. ಧೂಳು ಕುಡಿದ ದಿನಕ್ಕೂ ಕಾಯಿಲೆ ಕಾಣೋ ದಿನಕ್ಕೂ ಸಾಮಾನ್ಯವಾಗಿ 20ರಿಂದ 50 ವರ್ಷ ಅಂತರ. ಹಾಗಾಗಿ ರೋಗಿಗೆ ಆ ಕೆಲಸವೇ ಮರೆತುಹೋಗಿರುತ್ತೆ.

ಪ್ಲೂರಾ ಎರಡು ಪದರ, ನಡುವೆ ಸ್ವಲ್ಪ ದ್ರವ, ಬೇರಿಂಗಿನಲ್ಲಿ ಎಣ್ಣೆ ಇದ್ದ ಹಾಗೆ. ಕಾಯಿಲೆ ಬಂದಾಗ ಈ ದ್ರವ ಹೆಚ್ಚಾಗಿ ಒಂದೇ ಪಕ್ಕದಲ್ಲಿ ತುಂಬಿಕೊಳ್ಳುತ್ತೆ, ಶ್ವಾಸಕೋಶ ಅರಳೋಕೆ ಜಾಗ ಇರಲ್ಲ. ಮೊದಲು ಗೊತ್ತಾಗೋದು ಮೆಟ್ಟಿಲು ಹತ್ತುವಾಗ ಏದುಸಿರು. ಎದೆಯ ಒಂದು ಪಕ್ಕದಲ್ಲಿ ಮಂದವಾದ ನೋವು, ಕೆಲವೊಮ್ಮೆ ಭುಜಕ್ಕೂ ಹರಡುತ್ತೆ. ಒಣ ಕೆಮ್ಮು, ಸುಸ್ತು, ಕಾರಣ ಇಲ್ಲದೆ ತೂಕ ಇಳಿಯೋದು. ಹೊಟ್ಟೆಯ ಒಳಪೊರೆಗೂ ಇದು ಬರಬಹುದು, ಆಗ ಹೊಟ್ಟೆ ಉಬ್ಬುತ್ತೆ. ಇದರಲ್ಲಿ ಯಾವುದೂ ವಿಶೇಷ ಲಕ್ಷಣ ಅಲ್ಲ, ಕಷ್ಟ ಇರೋದೇ ಅಲ್ಲಿ. "ವಯಸ್ಸಾಯ್ತು" ಅಂದ್ರೆ ಮುಗೀತು.

ಹಾಲಿವುಡ್ ನಟ ಸ್ಟೀವ್ ಮಕ್ವೀನ್‌ಗೆ 1978ರಲ್ಲಿ ಶುರುವಾಗಿದ್ದು ಬರೀ ಬಿಡದ ಕೆಮ್ಮು. ಸಿಗರೇಟ್ ಬಿಟ್ಟ, ಆಂಟಿಬಯಾಟಿಕ್ ತಗೊಂಡ, ಹೋಗಲಿಲ್ಲ. 1979ರ ಡಿಸೆಂಬರಿನಲ್ಲಿ ಬಯಾಪ್ಸಿ ಮಾಡಿದಾಗ ಗೊತ್ತಾಯ್ತು, 1980ರ ನವೆಂಬರಿನಲ್ಲಿ ತೀರಿಕೊಂಡ, ವಯಸ್ಸು 50. ಹದಿಹರೆಯ ಮುಗಿಯೋ ಹೊತ್ತಿಗೆ ಅಮೆರಿಕದ ಮರೀನ್ ಪಡೆಯಲ್ಲಿದ್ದಾಗ ಹಡಗಿನ ಪೈಪುಗಳ ಕಲ್ನಾರಿನ ಹೊದಿಕೆ ಕಿತ್ತಿದ್ದನಂತೆ. ಅಂದ್ರೆ ಹೆಚ್ಚುಕಡಿಮೆ ನಮ್ಮ ವಯಸ್ಸು. (ಸಿಗರೇಟಿನಿಂದ ಮೀಸೋಥೀಲಿಯೋಮಾ ಬರಲ್ಲ. ಆದ್ರೆ ಕಲ್ನಾರಿನ ಜೊತೆ ಸಿಗರೇಟೂ ಸೇರಿದ್ರೆ ಶ್ವಾಸಕೋಶದ ಕ್ಯಾನ್ಸರ್ ಅಪಾಯ ತುಂಬಾ ಜಾಸ್ತಿ.)

ನಮ್ಮಲ್ಲಿ ಎದೆಯಲ್ಲಿ ನೀರು ತುಂಬಿದೆ ಅಂದ್ರೆ ಡಾಕ್ಟರ್ ಮೊದಲು ಟಿಬಿ ಇರಬಹುದಾ ಅಂತ ನೋಡ್ತಾರೆ. ಅದು ತಪ್ಪಲ್ಲ, ಟಿಬಿಯೇ ಹೆಚ್ಚು. ಆದ್ರೆ ಟಿಬಿ ಔಷಧಿಗೆ ಬಗ್ಗದೆ, ತೆಗೆದ ನೀರು ಮತ್ತೆ ಮತ್ತೆ ತುಂಬ್ತಾ ಇದ್ರೆ ಬಯಾಪ್ಸಿ ಬಗ್ಗೆ ಕೇಳಲೇಬೇಕು. ಬರೀ ನೀರಿನ ಪರೀಕ್ಷೆಯಲ್ಲಿ ಈ ಕಾಯಿಲೆ ಎಷ್ಟೋ ಸಲ ಸಿಗಲ್ಲ. ಜೊತೆಗೆ ಹಳೇ ಕೆಲಸಗಳನ್ನೆಲ್ಲ ಡಾಕ್ಟರಿಗೆ ಹೇಳಬೇಕು: ಶೀಟ್ ಕಾರ್ಖಾನೆ, ಬಾಯ್ಲರ್, ಹಡಗು ಒಡೆಯೋದು, ಬ್ರೇಕ್ ರಿಪೇರಿ. ಅಜ್ಜ ಅಲ್ಲಿ ದುಡಿದಿದ್ರೆ ಅಜ್ಜಿಯ ಕೆಮ್ಮಿಗೂ ಇದನ್ನ ಹೇಳಿ, ಯಾಕಂದ್ರೆ ಗಂಡನ ಧೂಳು ಹಿಡಿದ ಬಟ್ಟೆ ಒಗೆದ ಹೆಂಗಸರಿಗೂ ಈ ಕಾಯಿಲೆ ಬಂದಿದೆ.

ಸುಮ್ಮನೆ ಮೇಲೆ ಕೂತ ಶೀಟಿನಿಂದ ಅಪಾಯ ಕಮ್ಮಿ. ಅದನ್ನ ಕೊಯ್ದಾಗ, ಡ್ರಿಲ್ ಮಾಡಿದಾಗ, ಒಡೆದಾಗ ಎಳೆ ಹಾರುತ್ತೆ. ಸೈಟ್‌ನಲ್ಲಿ ಇಂಟರ್ನ್‌ಶಿಪ್ ಮಾಡೋರು ಕರ್ಚೀಫ್ ಕಟ್ಟಿಕೊಂಡು ನಿಲ್ತಾರೆ, ಅದರಿಂದ ಏನೂ ಪ್ರಯೋಜನ ಇಲ್ಲ.

1995ರಲ್ಲಿ ಸುಪ್ರೀಂ ಕೋರ್ಟ್ ಕಲ್ನಾರು ಕಾರ್ಮಿಕರ ಆರೋಗ್ಯ ದಾಖಲೆಯನ್ನ ಕೆಲಸಕ್ಕೆ ಸೇರಿದ ದಿನದಿಂದ ಕನಿಷ್ಠ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ಆಮೇಲೆ ಬರುತ್ತೋ ಅಲ್ಲಿವರೆಗೆ ಇಡಬೇಕು ಅಂತ ಹೇಳಿತು. ಮನೇಲಿ ಯಾರಾದ್ರೂ ಅಂಥ ಕಡೆ ದುಡಿದಿದ್ರೆ ಆ ದಾಖಲೆ ಕೇಳಿ ನೋಡಿ.