ಅರ್ಜಿಯೂ ಪೂರ್ವವೃತ್ತಾಂತವೂ

ಉದ್ಯೋಗವನ್ನಪೇಕ್ಷಿಸಿ ಬರೆಯುವ ಅರ್ಜಿಯಲ್ಲಿ ಹಿಂದೆ ಮಾಡಿದ ಕೆಲಸಗಳೊಳಗೆ ಯಾವುದನ್ನು ಕಾಣಿಸಬೇಕು, ಯಾವುದನ್ನು ಬಿಡಬೇಕು ಎಂಬ ಪ್ರಶ್ನೆಯು ನಮ್ಮ ರಾಯಚೂರು ಸೀಮೆಯ ಮನೆಗಳಲ್ಲಿ ಆಗಾಗ ಹುಟ್ಟುವುದು. ದೇವದುರ್ಗ, ಮಾನ್ವಿ ತಾಲ್ಲೂಕುಗಳ ತರುಣರಲ್ಲಿ ಹಲವರು ಮಳೆಯಿಲ್ಲದ ವರ್ಷ ತಂದೆತಾಯಿಗಳೊಡನೆ ಬೆಂಗಳೂರಿಗೆ ಗುಳೆ ಹೋಗಿ ಕಲ್ಲು, ಸಿಮೆಂಟು ಹೊತ್ತವರು. ಮರಳಿ ಬಂದು ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆದವರು, ರಾಯಚೂರಿನ ಹತ್ತಿಯ ವ್ಯಾಪಾರದಲ್ಲಿ ದುಡಿದವರು. ಇವುಗಳ ನಡುವೆಯೇ ಓದಿ ಪದವಿ ಪಡೆದವರೂ ಉಂಟು. ಆದರೆ ಅರ್ಜಿ ಬರೆಯಲು ಕುಳಿತಾಗ ಗುಳೆಯ ಆ ವರ್ಷಗಳು ಮಾತ್ರ ಲೇಖನಿಯ ತುದಿಗೆ ಬಾರವು. “ಅದನ್ನ ಬರದ್ರ ನಮ್ಮನ್ನ ಯಾರು ಕರೀತಾರ್ರೀ ಮಾಸ್ತರ?” ಎಂದು ನಮ್ಮನ್ನು ಕೇಳಿದವರಿದ್ದಾರೆ.

ಈ ಸಂದಿಗ್ಧವು ಹೊಸದಲ್ಲ. ವಿರಾಟಪರ್ವದ ಆರಂಭವು ಉದ್ಯೋಗಾಪೇಕ್ಷಿಗಳ ಕಥೆಯೇ ಸರಿ. ಭೀಮಸೇನನು ಬಲ್ಲವನೆಂಬ ಹೆಸರಿನಿಂದ (ನಮ್ಮ ಗಮಕಿಗಳ ವಲಲನು ಇವನೇ) ಯುಧಿಷ್ಠಿರನ ಅಡುಗೆಯವನಾಗಿದ್ದೆನೆಂದನು. ನಕುಲನು ಆತನ ಕುದುರೆಗಳನ್ನು ನೋಡಿಕೊಂಡಿದ್ದೆನೆಂದನು. ಅರಸುತನವನ್ನು ಮರೆಸಿ, ವಿರಾಟನಿಗೆ ಬೇಕಾದ ವಿದ್ಯೆಯನ್ನಷ್ಟೇ ಮುಂದಿಟ್ಟರು. ಹೆಸರು ಬದಲಿಸಿದ್ದು ಅಜ್ಞಾತವಾಸದ ನಿರ್ಬಂಧ. ನಮ್ಮ ತರುಣರು ಅದನ್ನು ಅನುಕರಿಸಲಾಗದು! ಇಟಲಿಯ ಲಿಯೊನಾರ್ಡೊ ಡಾ ವಿಂಚಿಯು 1482ರ ಸುಮಾರಿಗೆ ಮಿಲಾನಿನ ಪ್ರಭುವಿಗೆ ಬರೆದ ಪತ್ರದಲ್ಲಿಯೂ ಸೇತುವೆ, ಯುದ್ಧಯಂತ್ರಗಳ ಮಾತೇ ಹೆಚ್ಚು; ಚಿತ್ರಕಲೆಯು ಕೊನೆಯಲ್ಲಿ ಬರುವುದು. ಪ್ರಭುವಿಗೆ ಆಗ ಬೇಕಾದುದನ್ನು ಅವನು ಅರಿತಿದ್ದನು.

ಆದುದರಿಂದ ಆಯ್ಕೆಯು ದೋಷವಲ್ಲ. ಆದರೆ ಕಾಗದಗಳಲ್ಲಿ ಎರಡು ಬಗೆಯುಂಟೆಂಬುದನ್ನು ಮನೆಯ ಹಿರಿಯರು ತಿಳಿದಿರಬೇಕು. ತಾನಾಗಿ ಬರೆದುಕೊಂಡು ಹೋಗುವ ಬಯೋಡೇಟಾದಲ್ಲಿ ಹದಿನೈದು ದಿನದ ಅಂಗಡಿ ಕೆಲಸವನ್ನು ಬಿಟ್ಟರೆ ಬಾಧೆಯಿಲ್ಲ. ಹಿಂದಿನ ಉದ್ಯೋಗಗಳನ್ನೆಲ್ಲ ಬರೆಯೆಂದು ಕೇಳಿ, ಕೆಳಗೆ ಸಹಿ ಪಡೆಯುವ ನಮೂನೆಯಲ್ಲಿ ಒಂದನ್ನೂ ಬಿಡತಕ್ಕದ್ದಲ್ಲ. ಕೇಂದ್ರ ಸರ್ಕಾರದ ದೃಢೀಕರಣ ನಮೂನೆಯು ಸುಳ್ಳನ್ನು ಬರೆಯುವುದೂ ನಿಜವನ್ನು ಮುಚ್ಚುವುದೂ ಅನರ್ಹತೆಯೆಂದು ಮೊದಲಿಗೇ ಎಚ್ಚರಿಸುವುದು. ಖಾಸಗಿ ಸಂಸ್ಥೆಗಳಲ್ಲಿಯೂ ಮರೆಮಾಚುವುದು ಸುಲಭವಲ್ಲ. 2014ರಿಂದ ಭವಿಷ್ಯನಿಧಿಯ ಸದಸ್ಯನಿಗೆ ಒಂದೇ ಸಂಖ್ಯೆಯಿದ್ದು, ನಿಧಿಗೆ ಹಣ ಕಟ್ಟಿದ ಧಣಿಗಳ ಹೆಸರೆಲ್ಲ ಅದರಡಿ ಸೇರಿರುವವು.

ಇನ್ನು ಗುಳೆಯ ಮಾತು. ಅದನ್ನು ಬಿಟ್ಟರೆ ಆ ಎರಡು ವರ್ಷ ಎಲ್ಲಿದ್ದೆಯೆಂಬ ಪ್ರಶ್ನೆಯು ಸಂದರ್ಶನದಲ್ಲಿ ಬಂದೇ ಬರುವುದು. ಆಗ ತಡವರಿಸುವುದಕ್ಕಿಂತ “ಕಟ್ಟಡ ಕಾರ್ಮಿಕ, ಬೆಂಗಳೂರು” ಎಂದು ತಿಂಗಳು ಸಹಿತ ಮೊದಲೇ ಬರೆಯುವುದು ಲೇಸೆಂದು ನಮ್ಮ ಮತವು. ಮೇಸ್ತ್ರಿಯ ಪರವಾಗಿ ಆಳುಗಳ ಹಾಜರಿ ಬರೆದಿದ್ದರೆ, ಸಾಮಾನಿನ ಲೆಕ್ಕವಿಟ್ಟಿದ್ದರೆ ಅದನ್ನು ವಿಶದವಾಗಿ ಕಾಣಿಸಬೇಕು. ಗೋದಾಮಿನ ಉದ್ಯೋಗಕ್ಕೆ ಇದು ಪದವಿಗಿಂತ ಹತ್ತಿರದ ಯೋಗ್ಯತೆ. ಇಂಥ ಕೆಲಸಕ್ಕೆ ಸಾಕ್ಷಿಯೆಲ್ಲಿ ಎನ್ನುವವರಿಗೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಗುರುತಿನ ಚೀಟಿಯು ಒದಗುವುದು. ಹಿಂದಿನ ಹನ್ನೆರಡು ತಿಂಗಳೊಳಗೆ 90 ದಿನ ದುಡಿದವರು ಅದಕ್ಕೆ ಅರ್ಹರು.

“ಕೂಲಿ ಅಂತ ಬರೀಬ್ಯಾಡಪ್ಪ, ನಾಳೆ ಹೆಣ್ಣು ಕೊಡೋರು ಏನಂದಾರು” ಎಂದು ತಾಯಂದಿರು ಅಂಜುವುದನ್ನು ನಾವು ಬಲ್ಲೆವು. ಅರ್ಜಿಯನ್ನು ಓದುವವರು ಬೀಗರಲ್ಲವಷ್ಟೆ! ಆ ಚೀಟಿಯನ್ನೂ ಗಿರಣಿಯ ಧಣಿ ಕೊಟ್ಟ ಅನುಭವಪತ್ರವನ್ನೂ ಶಾಲೆಯ ಪ್ರಮಾಣಪತ್ರಗಳೊಡನೆ ಒಂದೇ ಪೆಟ್ಟಿಗೆಯಲ್ಲಿ ಜೋಪಾನವಾಗಿಡುವ ಕೆಲಸವನ್ನು ಆ ತಾಯಂದಿರಿಗೇ ಒಪ್ಪಿಸಬಹುದು.