ಡೆಬಿಯನ್‌ನಲ್ಲಿ ಶಾಖೆಗಳು ಬೆರೆತಾಗ

ಡೆಬಿಯನ್ ಯಂತ್ರದಲ್ಲಿ ಅಪ್‌ಡೇಟ್ ಅರ್ಧಕ್ಕೆ ನಿಂತು, ಡಿಪೆಂಡೆನ್ಸಿ ಸಿಗುತ್ತಿಲ್ಲವೆಂದು ಪ್ಯಾಕೇಜ್ ನಿರ್ವಾಹಕ ಆಪ್ಟ್ ತಕರಾರು ತೆಗೆದರೆ, ಹೆಚ್ಚಿನ ಸಲ ಕೆಟ್ಟಿರುವುದು ಆ ಪ್ಯಾಕೇಜ್ ಅಲ್ಲ. ಯಾವುದೋ ಹೊಸ ತಂತ್ರಾಂಶದ ಆಸೆಗೆ ಸ್ಥಿರ ಬಿಡುಗಡೆಗಳಲ್ಲೊಂದಾದ ಬುಕ್‌ವರ್ಮ್‌ನ ಸೋರ್ಸಸ್ ಪಟ್ಟಿಗೆ ಸದಾ ಅಭಿವೃದ್ಧಿಯಲ್ಲಿರುವ ಸಿಡ್ ಶಾಖೆಯ ಸಾಲೊಂದನ್ನು ಎಂದೋ ಸೇರಿಸಿರುತ್ತೇವೆ. ತೊಡಕಿನ ಬೇರು ಅಲ್ಲಿರುತ್ತದೆ.

ಹಾಗಾಗಿ ಬಲವಂತವಾಗಿ ಇನ್‌ಸ್ಟಾಲ್ ಮಾಡುವ ಮೊದಲು ‘ಆಪ್ಟ್ ಪಾಲಿಸಿ’ ಆದೇಶಕ್ಕೆ ಪ್ಯಾಕೇಜಿನ ಹೆಸರು ಕೊಟ್ಟು ನೋಡಿ. ಈಗಿರುವ ಆವೃತ್ತಿ, ಆಪ್ಟ್ ಹಾಕಲು ಹೊರಟ ಆವೃತ್ತಿ, ಕೆಳಗೆ ಯಾವುದು ಎಲ್ಲಿಂದ ಬರುತ್ತದೆ ಎಂಬ ಪಟ್ಟಿ ಕಾಣುತ್ತದೆ. ಪ್ರತಿ ಮೂಲದ ಎಡಕ್ಕಿರುವ ಅಂಕಿಯೇ ಅದರ ಆದ್ಯತೆ. ಬುಕ್‌ವರ್ಮ್‌ಗೂ 500, ಸಿಡ್‌ಗೂ 500 ಇದ್ದರೆ ಆಪ್ಟ್ ಹೊಸ ಆವೃತ್ತಿಯನ್ನೇ ಆರಿಸುತ್ತದೆ. ಒಂದು ತಂತ್ರಾಂಶಕ್ಕೆಂದು ಹಾಕಿದ ಸಾಲು ಇಡೀ ಯಂತ್ರವನ್ನು ಸಿಡ್‌ನತ್ತ ಎಳೆಯುವುದು ಹೀಗೆ.

ಎಳೆದರೂ ಸಲೀಸಾಗಿ ಬರುವುದಿಲ್ಲ. ಬುಕ್‌ವರ್ಮ್‌ನ ಲಿಬ್‌ಎಸ್‌ಎಸ್‌ಎಲ್3 ಲೈಬ್ರರಿಯನ್ನೇ ನೋಡಿ. 32 ಬಿಟ್ ಯಂತ್ರಗಳಲ್ಲಿ 2038ಕ್ಕೆ ಸಮಯದ ಲೆಕ್ಕ ಕೆಡದಂತೆ ಮಾಡಲು 2024ರಲ್ಲಿ ಸಿಡ್‌ನ ಎಷ್ಟೋ ಲೈಬ್ರರಿಗಳ ಹೆಸರಿಗೆ ‘ಟಿ64’ ಸೇರಿತು; ಇದು ಲಿಬ್‌ಎಸ್‌ಎಸ್‌ಎಲ್3ಟಿ64 ಆಯಿತು. ಹೊಸದು ಬರಬೇಕಾದರೆ ಹಳೆಯದು ಹೋಗಬೇಕು. ‘ಆಪ್ಟ್ ಅಪ್‌ಗ್ರೇಡ್’ ಇರುವುದನ್ನು ತೆಗೆಯುವುದಿಲ್ಲ, ಆದ್ದರಿಂದ ‘ಕೆಪ್ಟ್ ಬ್ಯಾಕ್’ ಎಂದು ಬದಿಗಿಡುತ್ತದೆ. ‘ಫುಲ್ ಅಪ್‌ಗ್ರೇಡ್’ ತೆಗೆಯುತ್ತದೆ. ಆ ಭರದಲ್ಲಿ ನಿಮ್ಮ ಡೆಸ್ಕ್‌ಟಾಪ್ ಕೂಡ ಹೋದೀತು. ಮೊದಲು ‘ಮೈನಸ್ ಎಸ್’ ಸೇರಿಸಿ ಪರೀಕ್ಷಾರ್ಥ ಓಡಿಸಿ, ತೆಗೆಯುವವುಗಳ ಪಟ್ಟಿಯನ್ನು ಕೊನೆಯ ಹೆಸರಿನವರೆಗೂ ಓದಿ. ಈ ಎರಡು ನಿಮಿಷ ಉಳಿಸಲು ಹೋಗಬೇಡಿ.

ಬೆರಕೆ ಬೇಕೇ ಬೇಕೆಂದರೆ ಪ್ರಿಫರೆನ್ಸಸ್ ಕಡತದಲ್ಲಿ ಸಿಡ್‌ನ ಆದ್ಯತೆಯನ್ನು 100ಕ್ಕೆ ಇಳಿಸಿ. ಆಗ ನೀವು ಕೇಳಿದ್ದು, ಜೊತೆಗೆ ಅದಕ್ಕೆ ಅನಿವಾರ್ಯವಾದದ್ದು ಮಾತ್ರ ಅಲ್ಲಿಂದ ಬರುತ್ತದೆ. ಬಂದದ್ದು ಮುಂದೆಯೂ ಅಪ್‌ಡೇಟ್ ಆಗುತ್ತಿರುತ್ತದೆ. ಆದರೆ ಆ ಅನಿವಾರ್ಯಗಳಲ್ಲಿ ಸಿ ಲೈಬ್ರರಿ ಇದ್ದರೆ ಕೈಬಿಡುವುದೇ ಮೇಲು, ಏಕೆಂದರೆ ಹೆಚ್ಚುಕಡಿಮೆ ಎಲ್ಲ ತಂತ್ರಾಂಶಗಳೂ ಅದರ ಮೇಲೆ ನಿಂತಿವೆ. ನನ್ನ ಮಟ್ಟಿಗೆ ಬ್ಯಾಕ್‌ಪೋರ್ಟ್ಸ್ ಇದಕ್ಕಿಂತ ಎಷ್ಟೋ ವಾಸಿ: ಅಲ್ಲಿನ ಹೊಸ ಆವೃತ್ತಿಗಳನ್ನು ಬುಕ್‌ವರ್ಮ್‌ನ ಲೈಬ್ರರಿಗಳಿಗೆ ಹೊಂದುವಂತೆಯೇ ಕಟ್ಟಿರುತ್ತಾರೆ.

ಸೋರ್ಸಸ್ ಪಟ್ಟಿಯಲ್ಲಿ ‘ಸ್ಟೇಬಲ್’ ಎಂದು ಬರೆಯದೆ ಬಿಡುಗಡೆಯ ಹೆಸರನ್ನೇ ಬರೆಯಿರಿ. 2025ರ ಆಗಸ್ಟ್ 9ರಂದು ಮುಂದಿನ ಆವೃತ್ತಿ ಟ್ರಿಕ್ಸಿ ಬಿಡುಗಡೆಯಾದಾಗ ‘ಸ್ಟೇಬಲ್’ ಎಂಬುದು ಬುಕ್‌ವರ್ಮ್ ಬಿಟ್ಟು ಟ್ರಿಕ್ಸಿಯನ್ನು ಸೂಚಿಸತೊಡಗಿತು.

ಈಗಾಗಲೇ ಬೆರೆತುಹೋಗಿದ್ದರೆ ಸಿಡ್ ಸಾಲು ತೆಗೆದು, ‘ಆಪ್ಟ್ ಅಪ್‌ಡೇಟ್’ ಮಾಡಿ, ಇನ್‌ಸ್ಟಾಲ್ ಆಗಿರುವವುಗಳ ಪಟ್ಟಿ ತೆಗೆಯಿರಿ. ‘ಲೋಕಲ್’ ಗುರುತಿರುವವು ಈಗ ಯಾವ ಮೂಲದಲ್ಲೂ ಸಿಗದ ಆವೃತ್ತಿಗಳು. ನಾಲ್ಕೈದು ಬಿಡಿ ತಂತ್ರಾಂಶಗಳಾದರೆ ತೆಗೆದು ಮತ್ತೆ ಹಾಕಿ. ಮೂಲ ಲೈಬ್ರರಿಗಳೇ ಸೇರಿದ್ದರೆ ಹಿಂದಕ್ಕೆ ಇಳಿಸಬೇಡಿ. ಆದ್ಯತೆ 1000 ದಾಟಿಸಿದರೆ ಆಪ್ಟ್ ಇಳಿಸುತ್ತದೆ ನಿಜ, ಆದರೆ ಹೊಸ ಆವೃತ್ತಿ ಬದಲಿಸಿಟ್ಟ ಸಂರಚನೆ, ದತ್ತಾಂಶಗಳು ಹಳೆಯ ರೂಪಕ್ಕೆ ಮರಳುವುದಿಲ್ಲ. ಹೀಗೆ ಇಳಿಸುವುದನ್ನು ಡೆಬಿಯನ್ ಕೂಡ ಬೆಂಬಲಿಸುವುದಿಲ್ಲ. ಬ್ಯಾಕಪ್ ಇಟ್ಟುಕೊಂಡು ಮುಂದಿನ ಬಿಡುಗಡೆಗೆ ಹತ್ತುವುದು, ಇಲ್ಲವೇ ಹೊಸದಾಗಿ ಇನ್‌ಸ್ಟಾಲ್ ಮಾಡುವುದು, ಇವೆರಡೇ ದಾರಿ.