ಚಪ್ಪಡಿ ಮನೆಗೊಂದು ಸ್ಟೀರಿಯೊ

ಮೊದಲ ಬಾರಿ ಸ್ಟೀರಿಯೊ ಕೊಳ್ಳಲು ಹೊರಟವರು ಅಂಗಡಿಯಲ್ಲಿ ಕೇಳುವ ಮೊದಲ ಮಾತು, ‘ಎಷ್ಟು ವಾಟ್ಸ್?’ ಅದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ. ಮೊದಲು ತಿಳಿಯಬೇಕಾದದ್ದು, ಹಾಡು ಕೇಳುವ ಕೋಣೆ ಎಷ್ಟು ದೊಡ್ಡದು, ಅದರ ಗೋಡೆ ಯಾವುದರದ್ದು, ಮಾಳಿಗೆ ಯಾವುದರದ್ದು ಎಂಬುದು.

ಕೋಲಾರ ತಾಲ್ಲೂಕಿನ ಸುಗಟೂರನ್ನೇ ತೆಗೆದುಕೊಳ್ಳಿ. ಇಲ್ಲಿಯೂ ಸುತ್ತಲಿನ ಹೋಬಳಿಗಳಲ್ಲಿಯೂ ಹಳೆಯ ಮನೆಗಳ ತಲೆಯ ಮೇಲಿರುವುದು ಕಲ್ಲಿನ ಚಪ್ಪಡಿ. ಹೊಸ ಮನೆಗಳದ್ದು ಆರ್‌ಸಿಸಿ. ನೆಲಕ್ಕೆ ಕಡಪ ಕಲ್ಲು ಅಥವಾ ಟೈಲ್ಸ್, ಗೋಡೆಗೆ ನುಣುಪಾದ ಗಾರೆ. ಶಬ್ದದ ಕಣ್ಣಿನಿಂದ ನೋಡಿದರೆ ಇವೆಲ್ಲ ಒಂದೇ ಜಾತಿ. ಬಡಿದ ಶಬ್ದದಲ್ಲಿ ನೂರಕ್ಕೆ ಮೂರು ಪಾಲನ್ನೋ ನಾಲ್ಕು ಪಾಲನ್ನೋ ಹೀರಿಕೊಂಡು ಉಳಿದದ್ದನ್ನು ವಾಪಸು ಕಳಿಸುತ್ತವೆ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 345 ಮೀಟರ್ ಓಡುತ್ತದೆ. 15 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ನಡುಮನೆಯಲ್ಲಿ ಅದು ಒಂದು ಸೆಕೆಂಡಿನಲ್ಲಿ ನೂರಕ್ಕೂ ಹೆಚ್ಚು ಸಲ ಯಾವುದಾದರೂ ಮೈಗೆ ಬಡಿದು ಮರಳುತ್ತದೆ. ಗಾಯಕಿ ಒಂದು ಅಕ್ಷರ ಮುಗಿಸಿ ಮುಂದಿನದಕ್ಕೆ ಹೋದರೂ ಹಿಂದಿನದು ಕೋಣೆಯಲ್ಲಿ ಸುತ್ತುತ್ತಲೇ ಇರುತ್ತದೆ.

ಈ ತೊಡಕನ್ನು ಲೆಕ್ಕಕ್ಕೆ ಮೊದಲು ತಂದವನು ಅಮೆರಿಕದ ಭೌತವಿಜ್ಞಾನಿ ವಾಲೇಸ್ ಸಬೀನ್. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಉಪನ್ಯಾಸ ಭವನದಲ್ಲಿ ಮೇಷ್ಟರ ಮಾತು ಯಾರಿಗೂ ಅರ್ಥವಾಗದೆ ಹೋದಾಗ ಅದನ್ನು ಸರಿಪಡಿಸುವ ಕೆಲಸ ಅವನ ಪಾಲಿಗೆ ಬಂತು. ಅವನು ಪಕ್ಕದ ರಂಗಮಂದಿರದ ಕುರ್ಚಿಗಳ ಮೆತ್ತೆಗಳನ್ನು ರಾತ್ರಿ ಹೊತ್ತು ತರಿಸಿ, ಅವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ, ಆರ್ಗನ್ ಕೊಳವೆಯೊಂದನ್ನು ಊದಿಸಿ ನಿಲ್ಲಿಸಿದ ಮೇಲೆ ನಾದ ಎಷ್ಟು ಹೊತ್ತು ಕೇಳಿಸುತ್ತದೆಂದು ಅಳೆದ. ಅವನಿಗೆ ಸಿಕ್ಕಿದ ಸೂತ್ರ ಸರಳ. ಕೋಣೆಯ ಗಾತ್ರವನ್ನು ಘನ ಮೀಟರಿನಲ್ಲಿ ತೆಗೆದುಕೊಂಡು 0.161ರಿಂದ ಗುಣಿಸಿ, ಶಬ್ದ ಹೀರುವ ಒಟ್ಟು ವಿಸ್ತಾರದಿಂದ ಭಾಗಿಸಿದರೆ ನಾದ ಅಳಿಯಲು ಬೇಕಾದ ಸೆಕೆಂಡುಗಳು ಸಿಗುತ್ತವೆ. ಹೀರುವಿಕೆಗೆ ಅವನು ಹಿಡಿದ ಅಳತೆಗೋಲು ತೆರೆದ ಕಿಟಕಿ. ಕಿಟಕಿಯಿಂದ ಹೊರಗೆ ಹೋದ ಶಬ್ದ ಮರಳುವುದಿಲ್ಲವಾದ್ದರಿಂದ ಒಂದು ಚದರ ಮೀಟರ್ ತೆರೆದ ಕಿಟಕಿ ಎಂದರೆ ಒಂದು ಚದರ ಮೀಟರ್ ಪೂರ್ತಿ ಹೀರುವಿಕೆ.

ಮೇಲೆ ಹೇಳಿದ ನಡುಮನೆಯ ಗಾತ್ರ ಸುಮಾರು 51 ಘನ ಮೀಟರ್. ಗೋಡೆ, ನೆಲ, ಮಾಳಿಗೆ ಸೇರಿ ಮೈ ಸುಮಾರು 84 ಚದರ ಮೀಟರ್. ಬರಿದಾದ ಕಲ್ಲು ಕೋಣೆ ಎಂದುಕೊಂಡರೆ ನಾದ ಅಳಿಯಲು ಸುಮಾರು ಮೂರು ಸೆಕೆಂಡು ಬೇಕು. ಹಾಡು ಕೇಳಲು ಹಿತವಾದದ್ದು ಅರ್ಧ ಸೆಕೆಂಡಿನ ಆಸುಪಾಸು. ಹತ್ತು ಚದರ ಮೀಟರಿನಷ್ಟು ಹೀರುವಿಕೆ ಕೂಡಿಸಿದರೆ ಆ ಮೂರು ಸೆಕೆಂಡು ಮುಕ್ಕಾಲು ಸೆಕೆಂಡಿಗಿಂತ ಕೆಳಗೆ ಇಳಿಯುತ್ತದೆ. ಅದಕ್ಕೆ ಬೇಕಾದ ಸಾಮಾನು ಮನೆಯಲ್ಲೇ ಇದೆ. ಸುರುಳಿ ಬಿಚ್ಚಿದ ಹತ್ತಿ ಹಾಸಿಗೆ, ಗೋಡೆಯಿಂದ ನಾಲ್ಕು ಬೆರಳು ದೂರಕ್ಕೆ ಇಳಿಬಿಟ್ಟ ದಪ್ಪ ಕಂಬಳಿ, ನೆರಿಗೆ ನೆರಿಗೆಯಾಗಿ ಬಿಟ್ಟ ಪರದೆ, ಬಟ್ಟೆ ತುಂಬಿದ ತೆರೆದ ಕಪಾಟು, ತೆರೆದಿಟ್ಟ ಕಿಟಕಿ, ಕೂತು ಕೇಳುವ ನಾಲ್ಕು ಜನ. ಕಂಬಳಿ ಗೋಡೆಗೆ ಅಂಟಿಕೊಂಡಿರುವುದಕ್ಕಿಂತ ಸ್ವಲ್ಪ ಬಿಟ್ಟಿದ್ದರೆ ಹೆಚ್ಚು ಹೀರುತ್ತದೆ, ಯಾಕೆಂದರೆ ಗಾಳಿಯ ಕಣಗಳ ಓಡಾಟ ಗೋಡೆಯ ಮೈಮೇಲೆ ಸೊನ್ನೆ, ಅದರಿಂದ ದೂರ ಬಂದಂತೆ ಹೆಚ್ಚು.

ರೇಷ್ಮೆ ಸಾಕುವ ಮನೆಯಾದರೆ ಇನ್ನೊಂದು ಅನುಕೂಲ ಉಂಟು. ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆಯಲ್ಲಿ ಸುರುಳಿಯಾಗಿ ನಿಲ್ಲಿಸಿದ ಪಟ್ಟಿಗಳು ಸುಮಾರು ಎರಡು ಅಂಗುಲ ಎತ್ತರದವು. ಬಳಕೆಯಲ್ಲಿಲ್ಲದ ಚಂದ್ರಿಕೆಯೊಂದನ್ನು ಚೆನ್ನಾಗಿ ಕೊಡವಿ, ಕೇಳುವವರ ಬೆನ್ನ ಹಿಂದಿನ ಗೋಡೆಗೆ ಒರಗಿಸಿದರೆ ಹೆಚ್ಚು ಆವರ್ತನದ ಶಬ್ದ ನೇರವಾಗಿ ಮರಳದೆ ನಾಲ್ಕು ಕಡೆ ಚದುರುತ್ತದೆ. ಸ್ಟುಡಿಯೊಗಳಲ್ಲಿ ಇದೇ ಕೆಲಸಕ್ಕೆ ಮರದ ಏರುಪೇರು ಹಲಗೆಗಳನ್ನು ಜೋಡಿಸುತ್ತಾರೆ.

ಇಷ್ಟು ಮಾಡಿದರೂ ತಗ್ಗಿನ ಸ್ವರಗಳ ಒಂದು ಕಾಟ ಉಳಿಯುತ್ತದೆ. ಎದುರುಬದುರು ಗೋಡೆಗಳ ನಡುವೆ ಅರ್ಧ ಅಲೆ ಸರಿಯಾಗಿ ಕೂತಾಗ ಆ ಸ್ವರ ಕೋಣೆಯಲ್ಲಿ ಉಬ್ಬುತ್ತದೆ. 12 ಅಡಿಗೆ ಅದು ಸುಮಾರು 47 ಹರ್ಟ್ಜ್. ಕೋಣೆ 12 ಅಡಿಯ ಚೌಕವಾದರೆ ಉದ್ದಕ್ಕೂ ಅಗಲಕ್ಕೂ ಅದೇ ಸ್ವರ ಉಬ್ಬಿ, ಹಾಡು ಯಾವುದೇ ಇರಲಿ ಒಂದೇ ‘ಗುಂ’ ಕೇಳಿಸುತ್ತದೆ. ಆದ್ದರಿಂದ ಎರಡು ಕೋಣೆಗಳ ನಡುವೆ ಆಯ್ಕೆಯಿದ್ದರೆ ಚೌಕವಲ್ಲದ್ದನ್ನು ಆರಿಸಿ. ಗೋಡೆಗೆ ಬೆನ್ನು ತಾಗಿಸಿ ಕೂರಬೇಡಿ. ಸ್ಪೀಕರನ್ನು ಮೂಲೆಗೆ ತಳ್ಳಬೇಡಿ.

ಸ್ಟೀರಿಯೊ ಎಂದರೆ ಎರಡು ಪೆಟ್ಟಿಗೆಯಿಂದ ದುಪ್ಪಟ್ಟು ಶಬ್ದ ಎಂದು ಬಹಳ ಜನ ತಿಳಿದಿದ್ದಾರೆ. ಬ್ರಿಟನ್ನಿನ ಎಂಜಿನಿಯರ್ ಅಲನ್ ಬ್ಲೂಮ್ಲೈನ್ 1931ರಲ್ಲಿ ಅದಕ್ಕೆ ಪೇಟೆಂಟ್ ಅರ್ಜಿ ಹಾಕಿದಾಗ ಅವನ ಗುರಿ ಬೇರೆ ಇತ್ತು. ಶಬ್ದ ಎಲ್ಲಿಂದ ಬರುತ್ತಿದೆ ಎಂಬುದು ಕೇಳುವವರಿಗೆ ಗೊತ್ತಾಗಬೇಕು ಎಂಬುದು ಅವನ ಹಂಬಲ. ಪಕ್ಕದಿಂದ ಬಂದ ಶಬ್ದ ಒಂದು ಕಿವಿಗಿಂತ ಇನ್ನೊಂದಕ್ಕೆ ತಡವಾಗಿ ಮುಟ್ಟುತ್ತದೆ. ಆ ತಡ ಹೆಚ್ಚೆಂದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಆದರೆ ಸೆಕೆಂಡಿನ ಲಕ್ಷದಲ್ಲೊಂದು ಭಾಗದಷ್ಟು ವ್ಯತ್ಯಾಸವನ್ನೂ ಮಿದುಳು ಹಿಡಿಯಬಲ್ಲದು. ಇಷ್ಟು ಸೂಕ್ಷ್ಮವಾದ ಅಂಗಕ್ಕೆ ಒಂದು ಸ್ಪೀಕರ್ ಟಿವಿ ಪಕ್ಕದಲ್ಲಿ, ಇನ್ನೊಂದು ಬೀರುವಿನ ಮೇಲೆ ಇಟ್ಟರೆ ಸ್ಟೀರಿಯೊ ಸತ್ತಂತೆಯೇ.

ಎರಡು ಸ್ಪೀಕರ್ ಮತ್ತು ನಿಮ್ಮ ತಲೆ ಸಮಭುಜ ತ್ರಿಕೋನವಾಗಲಿ. ಬದಿಗಳು ಆರೇಳು ಅಡಿ ಇದ್ದರೆ ಸಾಕು. ಸ್ಪೀಕರಿನಲ್ಲಿ ಏರು ಸ್ವರ ನುಡಿಸುವ ಟ್ವೀಟರ್ ಕಿವಿಯ ಮಟ್ಟಕ್ಕೆ ಬರಲಿ. ಅಂಗಡಿಯಲ್ಲಿ ಸಿಗುವ ಸ್ಟ್ಯಾಂಡುಗಳು ಸೋಫಾ ಮೇಲೆ ಕೂರುವವರ ಅಳತೆಗೆ ಮಾಡಿದವು. ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಕೇಳುವ ಮನೆಯಲ್ಲಿ ಟ್ವೀಟರ್ ನೆಲದಿಂದ ಎರಡೂವರೆ ಅಡಿಗೆ ಇಳಿಯಬೇಕು. ಕೋಲಾರದ ಕಡೆ ಸ್ಟ್ಯಾಂಡಿಗೆ ಹಣ ಸುರಿಯಬೇಕಾಗಿಯೂ ಇಲ್ಲ. ಕಟ್ಟಡಕ್ಕೆ ತಂದ ಸೈಜುಗಲ್ಲಿನ ಮೇಲೆ ಚಪ್ಪಡಿಯ ತುಂಡು ಅಲುಗಾಡದಂತೆ ಕೂರಿಸಿ, ಸ್ಪೀಕರಿನ ಕೆಳಗೆ ರಬ್ಬರ್ ತುಂಡು ಕೊಟ್ಟರೆ ಅಷ್ಟು ಭಾರದ, ಅಷ್ಟು ಗಟ್ಟಿಯ ಪೀಠ ದುಡ್ಡು ಕೊಟ್ಟರೂ ಸಿಗುವುದು ಕಷ್ಟ.

ಸರಿ ಇಟ್ಟಿದ್ದೇವೋ ಇಲ್ಲವೋ ತಿಳಿಯಲು ಪಿ.ಬಿ. ಶ್ರೀನಿವಾಸ್ ಅವರ 1960ರ ದಶಕದ ಚಿತ್ರಗೀತೆಯೊಂದನ್ನು ಹಾಕಿ. ಆ ಕಾಲದ ಧ್ವನಿಮುದ್ರಣ ಮೋನೊ, ಅಂದರೆ ಎರಡು ಕಡೆಗೂ ಒಂದೇ ಸಂಕೇತ. ಕಣ್ಣು ಮುಚ್ಚಿದರೆ ಧ್ವನಿ ಎರಡು ಸ್ಪೀಕರುಗಳ ನಟ್ಟನಡುವೆ, ಏನೂ ಇಲ್ಲದ ಜಾಗದಲ್ಲಿ ನಿಲ್ಲಬೇಕು. ಒಂದು ಬದಿಗೆ ಸರಿದರೆ ದೂರ ಸಮನಾಗಿಲ್ಲ. ಎಲ್ಲೂ ನಿಲ್ಲದೆ ತೇಲಾಡಿ, ತಗ್ಗಿನ ಸ್ವರವೂ ಬಡಕಲಾದರೆ ಒಂದು ಸ್ಪೀಕರಿನ ಕೆಂಪು, ಕಪ್ಪು ವೈರು ಅದಲುಬದಲಾಗಿದೆ. ಗಾಳಿ ದೂಡುವ ಕೋನು ಒಂದು ಸ್ಪೀಕರಿನಲ್ಲಿ ಮುಂದೆ ತಳ್ಳಿದಾಗ ಇನ್ನೊಂದರದ್ದು ಹಿಂದೆ ಎಳೆಯುತ್ತ ಒಂದರ ಕೆಲಸವನ್ನು ಇನ್ನೊಂದು ಅಳಿಸುತ್ತಿದೆ.

ಇನ್ನು ಸ್ಪೀಕರ್. ನಿಮ್ಮ ಹಣದ ಅರ್ಧಕ್ಕಿಂತ ಹೆಚ್ಚು ಇದಕ್ಕೇ ಹೋಗಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಕಾಯಿಲ್, ಅಯಸ್ಕಾಂತ, ಕೋನು: 1925ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನ ರೈಸ್ ಮತ್ತು ಕೆಲಾಗ್ ವಿವರಿಸಿದ ರಚನೆಯೇ ಇಂದಿಗೂ ನಡೆಯುತ್ತಿದೆ. ಕಾಯಿಲಿನಲ್ಲಿ ಕರೆಂಟು ಹಾಡಿನ ಲಯಕ್ಕೆ ಏರಿಳಿದಾಗ ಅಯಸ್ಕಾಂತ ಅದನ್ನು ಹಿಂದೆ ಮುಂದೆ ದೂಡುತ್ತದೆ, ಕೋನು ಗಾಳಿಯನ್ನು ದೂಡುತ್ತದೆ. ಕೋನು ಮುಂದೆ ಗಾಳಿಯನ್ನು ಒತ್ತಿದಾಗ ಹಿಂದೆ ಅಷ್ಟೇ ಗಾಳಿ ತೆಳುವಾಗುವುದರಿಂದ, ಪೆಟ್ಟಿಗೆಯಿಲ್ಲದಿದ್ದರೆ ಇವೆರಡೂ ಸುತ್ತಿ ಬಂದು ಸೇರಿ ತಗ್ಗಿನ ಸ್ವರ ಮಾಯವಾಗುತ್ತದೆ. ಪೆಟ್ಟಿಗೆ ಆ ಹಿಂದಿನ ಅಲೆಯನ್ನು ತಡೆಯಲು ಇರುವುದು. ಅದರ ಪಕ್ಕದ ಹಲಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಟೊಳ್ಳಾಗಿ ಮೊಳಗಿದರೆ ಹಾಡಿನ ಜೊತೆ ಪೆಟ್ಟಿಗೆಯೂ ಹಾಡುತ್ತದೆ ಎಂದರ್ಥ, ಅದು ಬೇಡ.

ನಡುಮನೆಗೆ ತಗ್ಗಿನ ಸ್ವರಕ್ಕೆ ಐದರಿಂದ ಆರೂವರೆ ಇಂಚಿನ ವೂಫರ್, ಒಂದು ಟ್ವೀಟರ್ ಇರುವ ಜೋಡಿ ಸಾಕು. ಐದು ಪುಟ್ಟ ಸ್ಪೀಕರು, ಒಂದು ಸಬ್‌ವೂಫರ್ ಇರುವ 5.1 ಸೆಟ್ಟು ಅದೇ ಬೆಲೆಗೆ ಸಿಗುತ್ತದೆ ನಿಜ. ಆದರೆ ಅದೇ ಹಣ ಆರು ಪಾಲಾದಾಗ ಯಾವುದಕ್ಕೂ ಒಳ್ಳೆಯ ಕಾಯಿಲಾಗಲಿ ಒಳ್ಳೆಯ ಪೆಟ್ಟಿಗೆಯಾಗಲಿ ದಕ್ಕುವುದಿಲ್ಲ. ನೀವು ಕೇಳುವ ಬಹುಪಾಲು ಹಾಡು ಎರಡೇ ಚಾನಲ್ಲಿನಲ್ಲಿ ಮುದ್ರಿತವಾಗಿದೆ. ಕಾರಿಗೆ ಮಾಡಿದ ಬಾಸ್ ಟ್ಯೂಬನ್ನು ಮನೆಗೆ ತಂದು ಕಟ್ಟುವುದಂತೂ ಕಲ್ಲು ಕೋಣೆಯಲ್ಲಿ ಮೊದಲೇ ಇರುವ ‘ಗುಂ’ ಅನ್ನು ಬೆಳೆಸುತ್ತದೆ.

ಸ್ಪೀಕರಿನ ಹಿಂಬದಿಯ ಚೀಟಿಯಲ್ಲಿ ಓದಬೇಕಾದ ಅಂಕಿ ಸೆನ್ಸಿಟಿವಿಟಿ. ಒಂದು ವಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದರೆ ಎಷ್ಟು ಡೆಸಿಬಲ್ ಎಂಬುದು ಅದು. ಮನೆಯ ಸ್ಪೀಕರುಗಳಲ್ಲಿ ಸಾಮಾನ್ಯವಾಗಿ 84ರಿಂದ 90. ಮೂರು ಡೆಸಿಬಲ್ ಏರಲು ಶಕ್ತಿ ಎರಡರಷ್ಟು ಬೇಕು. ಹಾಗಾಗಿ 84ರ ಸ್ಪೀಕರಿನಿಂದ 90ರದ್ದರಷ್ಟು ಶಬ್ದ ಬರಬೇಕಾದರೆ ನಾಲ್ಕು ಪಟ್ಟು ವಾಟ್ ಸುರಿಯಬೇಕು. 87 ಡೆಸಿಬಲ್ಲಿನ ಜೋಡಿಗೆ ಒಂದೊಂದು ವಾಟ್ ಕೊಟ್ಟರೂ ನಾಲ್ಕು ಜನ ಮಾತು ನಿಲ್ಲಿಸಿ ಕೇಳುವಷ್ಟು ಶಬ್ದ ಬರುತ್ತದೆ. ತಮಟೆಯ ಏಟಿನಂಥ ದಿಢೀರ್ ಏರಿಕೆಗೆ ಅದರ ಹತ್ತು, ಇಪ್ಪತ್ತು ಪಟ್ಟು ಬೇಕಾದೀತು. ಚಾನಲ್ಲಿಗೆ 30 ಪ್ರಾಮಾಣಿಕ ವಾಟ್ ಇದ್ದರೆ ಮನೆಗೆ ಧಾರಾಳ.

ಪ್ರಾಮಾಣಿಕ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಡಬ್ಬಿಯ ಮೇಲೆ ದೊಡ್ಡದಾಗಿ ಅಚ್ಚಾದ ಪಿಎಂಪಿಒ ಅಂಕಿಗೆ ಎಲ್ಲರೂ ಒಪ್ಪಿದ ಅಳತೆಯ ಕ್ರಮವೇ ಇಲ್ಲ. ಆರ್‌ಎಂಎಸ್ ಎಂದು ಬರೆದದ್ದನ್ನಷ್ಟೇ ನೋಡಿ, ಅದನ್ನೂ ಪರೀಕ್ಷಿಸಿ. ಆಂಪ್ಲಿಫೈಯರಿನ ಹಿಂಬದಿಯಲ್ಲಿ ಅರ್ಧ ಆಂಪಿಯರ್ ಫ್ಯೂಸ್ ಇದ್ದರೆ 230 ವೋಲ್ಟ್ ಲೈನಿನಿಂದ ಅದು ಬಹಳ ಹೊತ್ತು ಎಳೆಯಬಲ್ಲದ್ದು ಸುಮಾರು 115 ವಾಟ್. ಅಂಥದ್ದರ ಮುಂಬದಿಯಲ್ಲಿ 1000 ವಾಟ್ ಎಂದಿದ್ದರೆ ನಂಬಬೇಡಿ. ಊರ ಅಂಗಡಿಗಳಲ್ಲಿ ಅಸೆಂಬಲ್ ಮಾಡಿಕೊಡುವ ‘4440’ ಬೋರ್ಡಿನ ಐಸಿಗೆ ತಯಾರಕರೇ ಕೊಟ್ಟ ಅಂಕಿ ಸ್ಟೀರಿಯೊದಲ್ಲಿ ಚಾನಲ್ಲಿಗೆ 6 ವಾಟ್. ಸಣ್ಣ ಕೋಣೆಗೆ, 90 ಡೆಸಿಬಲ್ಲಿನ ಸ್ಪೀಕರಿಗೆ ಅದೂ ಕೆಟ್ಟದ್ದಲ್ಲ. ಅದರಿಂದ ಊರ ಜಾತ್ರೆ ನಡೆಸಲು ಹೊರಟಾಗ ಅಲೆಯ ತುದಿಗಳು ಕತ್ತರಿಸಿ ಹೋಗಿ ಶಬ್ದ ಕರ್ಕಶವಾಗುತ್ತದೆ, ಆ ಕರ್ಕಶದಲ್ಲಿ ಮೊದಲು ಸುಡುವುದು ಟ್ವೀಟರಿನ ಕಾಯಿಲ್.

ವೈರಿನ ಬಗ್ಗೆ ಒಂದೇ ಮಾತು. ನಿಜವಾದ ತಾಮ್ರದ 1.5 ಚದರ ಮಿಲಿಮೀಟರ್ ವೈರು ಐದು ಮೀಟರ್ ಹೋಗಿ ಬರುವ ದಾರಿಗೆ ಒಡ್ಡುವ ತಡೆ 0.12 ಓಮ್; 8 ಓಮ್ ಸ್ಪೀಕರಿನ ಮುಂದೆ ಅದು ನೂರಕ್ಕೆ ಒಂದೂವರೆ. ಇದಕ್ಕಿಂತ ದುಬಾರಿ ವೈರಿಗೆ ಹಣ ಹಾಕಬೇಡಿ. ಫೋನಿನಿಂದ ಬ್ಲೂಟೂತ್ ಮೂಲಕ ಹಾಡು ಕಳಿಸುವುದೂ ಆರಂಭಕ್ಕೆ ಸಾಕು.

ಅಂಗಡಿಗೆ ಹೋಗುವಾಗ, ಅದು ಕೋಲಾರದ್ದಾಗಲಿ ಬೆಂಗಳೂರಿನ ಎಸ್.ಪಿ. ರಸ್ತೆಯದ್ದಾಗಲಿ, ನಿಮಗೆ ಚೆನ್ನಾಗಿ ಗೊತ್ತಿರುವ ಹಾಡನ್ನೇ ಒಯ್ಯಿರಿ. ಅಂಗಡಿಯವರು ಹಾಕುವ ಹಾಡು ಆ ಸ್ಪೀಕರಿಗೆ ಒಪ್ಪುವಂತೆ ಆರಿಸಿದ್ದು. ತಂಬೂರಿಯ ಝೇಂಕಾರದಲ್ಲಿ ಎಳೆ ಎಳೆಯಾಗಿ ಮೇಲಿನ ಸ್ವರಗಳು ಬಿಚ್ಚಿಕೊಳ್ಳುತ್ತವೆಯೇ ಎಂದು ಕೇಳಿ, ಅದು ಟ್ವೀಟರಿನ ಪರೀಕ್ಷೆ. ಮೃದಂಗ ಇನ್ನೂ ಕಠಿಣ ಪರೀಕ್ಷಕ. ಸಾಮಾನ್ಯ ಚರ್ಮವಾದ್ಯದ ಮೇಲಿನ ಸ್ವರಗಳು ಮೂಲಸ್ವರದೊಡನೆ ಹೊಂದುವುದಿಲ್ಲ. ಬಲಮುಚ್ಚಿಗೆಯ ಕಪ್ಪು ಕರಣೆಯ ಭಾರ ಅವನ್ನು ಶ್ರುತಿಬದ್ಧ ಸಾಲಿಗೆ ತರುತ್ತದೆಂದು ಸಿ.ವಿ. ರಾಮನ್ 1920ರಲ್ಲಿ ಪ್ರಕಟಿಸಿದರು. ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಮತ್ತೆ ವಿವರವಾಗಿ ಬರೆದರು. ಒಳ್ಳೆಯ ಸ್ಪೀಕರಿನಲ್ಲಿ ಆ ಏಟಿಗೆ ಶ್ರುತಿ ಕೇಳಿಸುತ್ತದೆ, ಕೆಟ್ಟದ್ದರಲ್ಲಿ ಬರಿಯ ‘ಟಪ್’. ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಅಂಥವರ ತಮಟೆಯ ಮುದ್ರಣ ಸಿಕ್ಕಿದರೆ ಅದನ್ನೂ ಹಾಕಿ. ಏಟು ಬಿದ್ದಲ್ಲೇ ನಿಲ್ಲಬೇಕು, ಬಾಲ ಎಳೆಯಬಾರದು.

ಮನೆಯ ಅಟ್ಟದಲ್ಲಿ ಹಿರಿಯರ ಗ್ರಾಮಫೋನ್ ಪ್ಲೇಟುಗಳಿದ್ದರೆ ಹೊಸ ಟರ್ನ್‌ಟೇಬಲ್ ತಂದೊಡನೆ ಅವನ್ನು ಹಾಕಬೇಡಿ. ನಿಮಿಷಕ್ಕೆ 78 ಸುತ್ತಿನ ಪ್ಲೇಟಿನ ಗೀರು ಎಲ್‌ಪಿಯದ್ದಕ್ಕಿಂತ ಎರಡು ಮೂರು ಪಟ್ಟು ಅಗಲ. ಎಲ್‌ಪಿಯ ಸಣ್ಣ ಮುಳ್ಳು ಆ ಗೀರಿನ ತಳದಲ್ಲಿ ಓಡಾಡಿ, ಅಲ್ಲಿ ಸೇರಿರುವ ಧೂಳನ್ನೇ ಹಾಡಿಸುತ್ತದೆ. ಟರ್ನ್‌ಟೇಬಲ್ 78ರ ವೇಗದಲ್ಲಿ ತಿರುಗುತ್ತದೆಯೇ, ಅದಕ್ಕೆ ಅಗಲ ಮುಳ್ಳು ಸಿಗುತ್ತದೆಯೇ ಎಂದು ಕೊಳ್ಳುವ ಮೊದಲೇ ಕೇಳಿ. ಆಂಪ್ಲಿಫೈಯರಿನಲ್ಲಿ ಫೋನೊ ಇನ್‌ಪುಟ್ ಇಲ್ಲದಿದ್ದರೆ ಮುಳ್ಳಿನಿಂದ ಬರುವ ಸಂಕೇತ ಕೆಲವೇ ಮಿಲಿವೋಲ್ಟ್ ಆದ್ದರಿಂದ, ನಡುವೆ ಒಂದು ಫೋನೊ ಪ್ರೀಆಂಪ್ ಬೇಕಾಗುತ್ತದೆ.